ಮೂಗುಬೊಟ್ಟಿಗೊಂದು ನಂಬರು

ನಮ್ಮ ಸೋದರತ್ತೆಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ತಪ್ಪಿದೆ, ಪಡಿತರ ಚೀಟಿಯಲ್ಲಿ ಹೆಸರೇ ತಪ್ಪಿದೆ. ಆದರೆ ಅವರ ಮೂಗಿನ ವಜ್ರದ ದಾಖಲೆ ಇದೆಯಲ್ಲ, ಅದರಲ್ಲಿ ಒಂದು ಸೊನ್ನೆ ಕೂಡ ಆಚೀಚೆ ಆಗಿಲ್ಲ!

ವಜ್ರ ಎಂದೊಡನೆ ಕಣ್ಣರಳಿಸಬೇಡಿ. ಹೆಸರುಕಾಳಿನ ಮುಂದೆ ಇಟ್ಟರೆ ಹೆಸರುಕಾಳೇ ಬೀಗುವಷ್ಟು ಸಣ್ಣ ಕಲ್ಲು. ಅಬ್ಬಿಗೆರೆಯಲ್ಲಿ ಕೊಟ್ಟಿಗೆ ಇದ್ದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ, ಅತ್ತೆ ತಮ್ಮ ಕೊನೆಯ ಎಮ್ಮೆಯನ್ನು ಮಾರಿ, ಯಾರನ್ನೂ ಕೇಳದೆ ಕೊಂಡ ಮೂಗುಬೊಟ್ಟು ಅದು. ಮನೆಮಂದಿಯೆಲ್ಲ ನಕ್ಕರು. ಅತ್ತೆ ಮೂಗನ್ನು ಇನ್ನಷ್ಟು ಮೇಲಕ್ಕೆತ್ತಿ ಓಡಾಡಿದರು.

ಒಂದು ಭಾನುವಾರ ಬೆಳಿಗ್ಗೆ ಸಂಜಯನಗರದ ನನ್ನ ಮನೆಗೆ ರೇಷ್ಮೆ ಸೀರೆ ಉಟ್ಟು ಬಂದಿಳಿದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ವಜ್ರದ ಪ್ರಮಾಣಪತ್ರ. ಕಲ್ಲಿನ ಅಂಚಿನಲ್ಲಿ ಬರಿಗಣ್ಣಿಗೆ ಕಾಣದ ಹಾಗೆ ಲೇಸರಿನಿಂದ ಒಂದು ನಂಬರು ಕೊರೆದಿರುತ್ತಾರಂತೆ. ಆ ನಂಬರನ್ನು ಮಾಲೀಕರ ಹೆಸರಿನ ಜೊತೆ ನೋಂದಣಿ ಮಾಡಿಸಿಟ್ಟರೆ, ಕಲ್ಲು ಕಳೆದೋ ಕಳುವಾಗಿಯೋ ಎಲ್ಲಾದರೂ ಪತ್ತೆಯಾದಾಗ ಇಂಥವರದ್ದು ಎಂದು ತೋರಿಸಬಹುದಂತೆ.

"ಅತ್ತೆ, ಇಷ್ಟು ಚೂರು ಕಲ್ಲಿಗೆ ಇದೆಲ್ಲ ಬೇಕಾ?" ಎಂದೆ.

"ಯಾಕ್ಲಾ ಬ್ಯಾಡ? ನಮ್ಮ ಎಮ್ಮೆಗೆ ಕಿವಿಯೋಲೆ ಚುಚ್ಚಿ ನಂಬರ್ ಕೊಟ್ಟಿರ್ಲಿಲ್ವಾ? ಎಮ್ಮೆ ಕಳ್ದೋದ್ರೆ ಎಸ್ರಿಡ್ದು ಕೂಗಿದ್ರೆ ಬತ್ತದೆ. ವಜ್ರ ಬತ್ತದಾ?"

ಲ್ಯಾಪ್‌ಟಾಪ್ ತೆರೆದೆ. ನೋಂದಣಿಯ ಜಾಲತಾಣದಲ್ಲಿ ಕಲ್ಲಿನ ಫೋಟೋ ಮಾತ್ರ ಸಾಕು, ಮಾಲೀಕರದ್ದು ಬೇಡ ಎಂದಾಗ ಅತ್ತೆಗೆ ಆದ ಅವಮಾನ ಅಷ್ಟಿಷ್ಟಲ್ಲ. ಆ ರೇಷ್ಮೆ ಸೀರೆ ಉಟ್ಟಿದ್ದೇ ಅದಕ್ಕಾಗಿ!

ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಆ ನೋಂದಣಿಯ ಕಾಗದದ ಒಂದು ಪ್ರತಿ ಹಿಡಿದು ಪೊಲೀಸ್ ಠಾಣೆಗೇ ಹೋದರು, ನನ್ನನ್ನೂ ಎಳೆದುಕೊಂಡು.

"ಏನ್ ಕಳುವಾಗಿದೆಯಮ್ಮ?" ಎಂದರು ಪೇದೆ.

"ಇನ್ನೂ ಏನೂ ಆಗಿಲ್ಲ."

"ಮತ್ತೆ ಯಾಕ್ ಬಂದ್ರಿ?"

"ಆದ್ಮೇಲೆ ಬಂದ್ರೆ 'ಮೊದ್ಲೇ ಯಾಕ್ ಹೇಳ್ಲಿಲ್ಲ' ಅಂತೀರಲ್ಲ, ಅದುಕ್ಕೆ!"

ಪೇದೆ ಕಾಗದವನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿ, ನಮಗೆ ಟೀ ಕುಡಿಸಿ ಕಳಿಸಿದರು. ದಾರಿಯುದ್ದಕ್ಕೂ ನಾನು ತಲೆ ತಗ್ಗಿಸಿ ನಡೆದೆ. ಅತ್ತೆ ಮಾತ್ರ ಟೀಗೆ ಸಕ್ಕರೆ ಕಮ್ಮಿ ಎಂದು ದೂರುತ್ತ ಬಂದರು.

ಹೀಗಿರುವಾಗ ಮೂಗುಬೊಟ್ಟಿನಲ್ಲಿ ಕಲ್ಲು ಸಡಿಲವಾಯಿತು. ಯಶವಂತಪುರದ ಒಂದು ಆಭರಣದ ಅಂಗಡಿಗೆ ರಿಪೇರಿಗೆ ಕೊಟ್ಟೆವು. ವಾರ ಬಿಟ್ಟು ತರಲು ಹೋದಾಗ, ಅಂಗಡಿಯವರು ಪುಟ್ಟ ಡಬ್ಬಿಯನ್ನು ಮುಂದಿಟ್ಟರು. ಅತ್ತೆ ಅದನ್ನು ಮುಟ್ಟಲೇ ಇಲ್ಲ.

"ಭೂತಗನ್ನಡಿ ಕೊಡಿ."

ಅಂಗಡಿಯವರು ನಗುತ್ತ ಕೊಟ್ಟರು. ಅತ್ತೆ ಒಂದು ಕಣ್ಣು ಮುಚ್ಚಿ ತಿರುಗಿಸಿ ತಿರುಗಿಸಿ ನೋಡಿದರು. ನನಗೂ ತೋರಿಸಿದರು. ಕಲ್ಲಿನ ಅಂಚು ಬೋಳು! ನಂಬರೇ ಇಲ್ಲ! ಈಗ ಅಂಗಡಿಯವರೇ ಗಾಬರಿಯಿಂದ ನೋಡಿದರು. ಒಳಗೆ ಹೋಗಿ ಪುಸ್ತಕ ತಿರುವಿ ಹಾಕಿ ಬಂದವರು ದನಿ ತಗ್ಗಿಸಿದರು.

"ಅಮ್ಮಾ, ಬೇರೆಯವರ ಕಲ್ಲಿನ ಜೊತೆ ಅದಲುಬದಲಾಗಿದೆ ಅನ್ಸುತ್ತೆ. ಆದ್ರೆ ಇದು ನಿಮ್ದಕ್ಕಿಂತ ದೊಡ್ಡದು ಕಣಮ್ಮ. ನಿಮಗೆ ಲಾಭಾನೇ!"

ನಾನೂ ಅತ್ತೆಯ ಸೆರಗು ಜಗ್ಗಿದೆ. ಹೌದು, ಜಗ್ಗಿದೆ! ಒಪ್ಪಿಕೊಳ್ಳುತ್ತೇನೆ.

"ನಂಗೆ ಲಾಭ ಆಗದೆ ಅಂದ್ರೆ ಯಾರ್ದೋ ಓಗದೆ ಅಂತ ತಾನೆ? ಅವ್ರನ್ನ ಕರ್ಸಿ. ಅಲ್ಲೀಗಂಟ ನಾನು ಏಳಾಕಿಲ್ಲ!" ಎಂದು ಅತ್ತೆ ಅಂಗಡಿಯ ಮೆತ್ತನೆ ಸೋಫಾದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಬಾದಾಮಿ ಹಾಲು ಬಂತು, ಬೇಡವೆಂದರು. ಸಮಾಧಾನ ಬಂತು, ಅದನ್ನೂ ಬೇಡವೆಂದರು. ಮದುವೆಯ ಒಡವೆ ನೋಡಲು ಬಂದಿದ್ದ ಎರಡು ಕುಟುಂಬಗಳು ಒಡವೆ ಬಿಟ್ಟು ಅತ್ತೆಯನ್ನೇ ನೋಡತೊಡಗಿದವು.

ಸುಮಾರು ಮೂರು ಗಂಟೆಗೆ, ಕಾರ್ಖಾನೆಯ ಸಮವಸ್ತ್ರದಲ್ಲೇ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಳು. ವಿಜಯಪುರದ ಕಡೆಯವಳು. ಅವಳ ಮೂಗಿನಲ್ಲಿ ಅತ್ತೆಯ ವಜ್ರ!

"ನಾ ಮೂರ್ ದಿನದ ಹಿಂದ ಬಂದು ಹೇಳಿದ್ನಿರಿ, ಇದು ನಂದಲ್ಲ ಅಂತ," ಎಂದಳು. "ಪಾಲಿಶ್ ಆದ ಮ್ಯಾಲ ಹಂಗ ಕಾಣ್ತದ ಅಂದ್ರು. ಮನ್ಯಾಗ ಯಜಮಾನ್ರೂ ನಿನಗ ಭ್ರಮಿ ಅಂದ್ರು. ನನ್ನ ಹತ್ರ ಕಾಗದ ಇರಲಿಲ್ಲಲ್ರಿ."

ಅಂಗಡಿಯವರು ನೆಲ ನೋಡಿದರು. ಅವಳು ಮೂಗುಬೊಟ್ಟು ಬಿಚ್ಚಿಕೊಟ್ಟಳು. ಭೂತಗನ್ನಡಿಯಲ್ಲಿ ನಂಬರು ಒಂದೊಂದಾಗಿ ತಾಳೆಯಾಯಿತು. ಕಲ್ಲುಗಳು ತಮ್ಮ ತಮ್ಮ ಒಡತಿಯರನ್ನು ಸೇರಿದವು. ನಾನು ಚಪ್ಪಲಿ ಹಾಕಿಕೊಂಡೆ. ಅತ್ತೆ ಏಳಲಿಲ್ಲ!

"ಈ ಮಗೀನ ಕಲ್ಲಿಗೂ ನಂಬರ್ ಆಕ್ಸಿ, ಕಾಗದ ಮಾಡ್ಸಿ ಕೊಡಿ. ಖರ್ಚು ನಿಮ್ದೇ. ತಪ್ಪೂ ನಿಮ್ದೇ ಅಲ್ವಾ?"

ಎರಡು ವಾರದ ಮೇಲೆ ಅತ್ತೆ, ಆ ಹೆಂಗಸು ಇಬ್ಬರೂ ನನ್ನ ಮನೆಗೆ ಬಂದರು. ಹೊಸ ಪ್ರಮಾಣಪತ್ರ ಮೇಜಿನ ಮೇಲಿತ್ತು.

"ಮಾಲೀಕರ ಹೆಸರು ಏನಂತ ಹಾಕ್ಲಿ?" ಎಂದು ಕೇಳಿದೆ.

"ಯಜಮಾನ್ರ ಹೆಸರು ಹಾಕ್ರಿ," ಎಂದಳು.

ಅತ್ತೆ ಈಗ ಗುಡುಗುತ್ತಾರೆ ಎಂದುಕೊಂಡೆ. ಅವರು ಮೆಲ್ಲಗೆ ಕೇಳಿದರು: "ಯಾರ್ ಕೊಟ್ಟಿದ್ದವ್ವ ಇದು?"

"ನಮ್ಮವ್ವ. ದವಾಖಾನಿಯೊಳಗ, ತನ್ನ ಮೂಗಿಂದ ತಗದು ನನಗ ಇಟ್ಟಳ್ರಿ. ಮರುದಿನ ಹೋಗಿಬಿಟ್ಟಳು."

ನಾನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ, ಅವಳು ತನ್ನ ಹೆಸರು ಒತ್ತಿದಳು. ಕೆಳಗೆ 'ಇತರ ವಿವರ' ಎಂಬ ಜಾಗವಿತ್ತು.

"ಅಲ್ಲಿ ಅವ್ರವ್ವನ ಎಸ್ರು ಬರೀಲಾ," ಎಂದರು ಅತ್ತೆ.

"ಅದು ಕಡ್ಡಾಯ ಅಲ್ಲ ಅತ್ತೆ."

"ಯಾರ್ಗ್ಲಾ ಅಲ್ಲ?"

ಬರೆದೆ.

ಮೂಗುಬೊಟ್ಟು ಹಾಕಿಕೊಳ್ಳಲು ಹೋದ ಅವಳಿಗೆ ಕನ್ನಡಿಯಿಲ್ಲದೆ ತಿರುಪು ಕೂರಲಿಲ್ಲ. ಅತ್ತೆ ಅದನ್ನು ಇಸಿದುಕೊಂಡು, ನಲವತ್ತು ವರ್ಷ ಹಾಲು ಕರೆದ ಒರಟು ಬೆರಳುಗಳಿಂದ ಅವಳ ಗಲ್ಲ ಹಿಡಿದು, ಉಸಿರು ಬಿಗಿಹಿಡಿದು ತಿರುಪು ತಿರುಗಿಸಿದರು.

"ನೋವಾಯ್ತೇನವ್ವಾ?"

"ಇಲ್ಲ ಬಿಡವ್ವಾ," ಎಂದಳು ಅವಳು.