ಸಾಹೇಬರ ತಾಟಿನಲ್ಲಿ ತರ್ಕಶಾಸ್ತ್ರ

ಧಾರವಾಡದಲ್ಲಿ ನಾನು ಬಿ.ಎ.ಗೆ ತರ್ಕಶಾಸ್ತ್ರ ತೆಗೆದುಕೊಂಡಾಗ ನಮ್ಮ ಸೋದರಮಾವ, "ಅದನ್ನ ಓದಿ ಯಾರ ಕೂಡ ಜಗಳಾಡಾಂವ ನೀ?" ಎಂದು ಕೇಳಿದ್ದರು. ಉತ್ತರ ನನಗೂ ಗೊತ್ತಿರಲಿಲ್ಲ. ಮುಂಬಯಿಗೆ ಬಂದು, ಒಂದು ಕಂಪನಿಯಲ್ಲಿ ಕೋಣೆಯಷ್ಟು ದೊಡ್ಡ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಆ ಯಂತ್ರಕ್ಕೆ ಮುಲಾಜೆಂಬುದೇ ಇಲ್ಲ. 'ಹೀಗಿದ್ದರೆ ಹಾಗೆ ಮಾಡು' ಎಂದರೆ ಮಾಡುತ್ತದೆ. ಯಾವಾಗ ನಿಲ್ಲಿಸಬೇಕೆಂದು ಹೇಳಲು ಮರೆತರೆ ಸಂಜೆಯವರೆಗೂ ಅದನ್ನೇ ಮಾಡುತ್ತ ಕೂರುತ್ತದೆ. ಕಾಲೇಜಿನಲ್ಲಿ ತೂಕಡಿಸುತ್ತ ಕೇಳಿದ ಪಾಠ ಇಲ್ಲಿ ಅನ್ನಕ್ಕೆ ದಾರಿಯಾಯಿತು. ಅಂದಿನಿಂದ ತರ್ಕ ಓದದವರನ್ನು ಕಂಡರೆ ನನಗೊಂದು ಬಗೆಯ ಕನಿಕರ. ನನ್ನ ಹೆಂಡತಿ ಇದನ್ನು ಸೊಕ್ಕು ಎನ್ನುತ್ತಾಳೆ.

ಆ ಸೊಕ್ಕು ಇಳಿದದ್ದು ಒಂದು ಭಾನುವಾರ ಮಧ್ಯಾಹ್ನ, ಗೋರೆಗಾಂವ್‌ನ ನಮ್ಮ ಚಾಳಿನ ಕೋಣೆಯಲ್ಲಿ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿ ಸೋದರಮಾವನಿಗೆ ಮುಖ ತೋರಿಸಬೇಕು. ಕಾಯಂ ಮಾಡಬೇಕಾದವರು ನಮ್ಮ ವಿಭಾಗದ ಮರಾಠಿ ಸಾಹೇಬರು. ಅವರನ್ನೇ ಊಟಕ್ಕೆ ಕರೆದಿದ್ದೆ. ತಾಟಿನಲ್ಲಿ ಒಂದು ಅಗುಳೂ ಬಿಡಬಾರದೆಂಬುದು ಸಾಹೇಬರ ವ್ರತ. ಖಾಲಿ ತಾಟು ಕಂಡರೆ ಬಡಿಸದೆ ಇರಬಾರದೆಂಬುದು ನಮ್ಮವ್ವನ ವ್ರತ. ಅವ್ವ ಜೋಳದ ರೊಟ್ಟಿ ಹಾಕಿದಳು, ಸಾಹೇಬರು ತಿಂದು ಮುಗಿಸಿದರು. ಮುಗಿಸಿದರಲ್ಲ ಎಂದು ಅವ್ವ ಮತ್ತೆ ಹಾಕಿದಳು. ಹಾಕಿದರಲ್ಲ ಎಂದು ಅವರು ಮತ್ತೆ ತಿಂದರು. ತಪ್ಪೆಲ್ಲಿದೆಯೆಂದು ನನಗೆ ಥಟ್ಟನೆ ಹೊಳೆಯಿತು. ಎರಡು ನಿಯಮಗಳೂ ಬೇರೆಬೇರೆಯಾಗಿ ಸರಿ, ಕೂಡಿದರೆ ಕೊನೆಯೇ ಇಲ್ಲ! ಹೆಮ್ಮೆಯಿಂದ ಉಬ್ಬಿಹೋದೆ. ಸಾಹೇಬರು ಮಾತ್ರ 'ಬಸ್, ಸಾಕು' ಎನ್ನುತ್ತ ಬೆವರುತ್ತಿದ್ದರು.

"ಅವ್ವಾ, ಅವರು ಬಸ್ ಅನ್ನಾಕತ್ತಾರ," ಎಂದೆ.

"ಬಸ್ ಅಂತ ಯಾರ ಅನ್ನೂದಿಲ್ಲ? ನಿಮ್ಮಪ್ಪ ಮೊದಲನೇ ರೊಟ್ಟಿಗೇ ಅಂತಿದ್ರು. ಹಂಗಂತ ನಾ ಬಿಟ್ಟೇನೇನು? ತಾಟ ನೋಡು, ಖಾಲಿ ಐತಿ!"

ಒಂದು ನಿಯಮ ಮುರಿಯಲೇಬೇಕು. ಸಾಹೇಬರತ್ತ ಬಾಗಿ, ಒಂದು ಚೂರು ರೊಟ್ಟಿ ಹಾಗೇ ಬಿಟ್ಟುಬಿಡಿ ಎಂದು ಪಿಸುಗುಟ್ಟಿದೆ. ಅನ್ನ ಬಿಡುವುದೆಂದರೇನು, ಪಾಪ ಬರುತ್ತದೆ ಎಂದು ಅವರು ನನ್ನನ್ನೇ ಗದರಿಸಿದರು. ಅಲ್ಲಿಗೆ ನನ್ನ ತರ್ಕಶಾಸ್ತ್ರ ಮುಗಿಯಿತು. ಕಡೆಗೆ ಅವರೇ ಕೊನೆಯ ತುತ್ತನ್ನು ಮುಷ್ಟಿಯಲ್ಲಿ ಹಿಡಿದು, ಅವ್ವ ಒಲೆಯ ಕಡೆ ತಿರುಗಿದ್ದೇ ತಡ ಎದ್ದು, ಬಚ್ಚಲ ಬಳಿ ನಿಂತು ನುಂಗಿದರು. ನಾನು ಕೈಗೆ ನೀರು ಹಾಕಿದೆ.

"ನಿಮ್ಮ ಕೆಲಸ ಕಾಯಂ ಎಂದು ತಿಳಿಯಿರಿ," ಎಂದರು ಮೆಲ್ಲಗೆ ಮರಾಠಿಯಲ್ಲಿ. "ಆದರೆ..."

'ಆದರೆ'ಯ ಮುಂದಿರುವುದನ್ನು ಪೂರ್ತಿ ಓದದೆ ಹೆಜ್ಜೆಯಿಡಬಾರದೆಂದು ಆಫೀಸಿನಲ್ಲಿ ಎಲ್ಲರಿಗೂ ಪಾಠ ಹೇಳುವವನು ನಾನು. ಸಂತೋಷ ತಡೆಯಲಾಗದೆ, "ಅವ್ವಾ, ಕಾಯಂ ಆತು!" ಎಂದು ಚಾಳಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ.

"ಹೌದೇನು! ಹಂಗಾರ ಬಾಯಿ ಸಿಹಿ ಮಾಡ್ಕೊಳ್ಳದ ಹೆಂಗ ಹೋಗ್ತಾರ?" ಎನ್ನುತ್ತ ಅವ್ವ ಹೋಳಿಗೆಯ ಡಬ್ಬಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

ಸಾಹೇಬರು ಮಣೆಯ ಮೇಲೆ ಮತ್ತೆ ಕುಳಿತು ನನ್ನನ್ನೇ ನೋಡಿದರು. "ನಾನು ಮೆಟ್ಟಿಲಿಳಿಯುವವರೆಗೆ ನಿಮ್ಮ ತಾಯಿಗೆ ಹೇಳಬೇಡಿ ಎನ್ನುವುದರಲ್ಲಿದ್ದೆ," ಎಂದರು.