ಟೀವಿಗೆ ಆರತಿ ಎತ್ತಿಸುವ ಭಾವ

ದೇಶದ ಸಂಗೀತ ಪ್ರಶಸ್ತಿಗಳೆಲ್ಲ ಮುಂಬಯಿಯಲ್ಲೇ ತೀರ್ಮಾನವಾಗುತ್ತವೆ ಎಂದು ನೀವು ನಂಬಿದ್ದರೆ, ಪಾಪ, ನಿಮಗೆ ನಮ್ಮ ಭಾವನವರ ಪರಿಚಯವಿಲ್ಲ! ಪೀಣ್ಯದ ನಮ್ಮ ಮನೆಯಲ್ಲಿ ಆರತಿ ಎತ್ತುವವರೆಗೆ ಯಾವ ಗಾಯಕನ ಗೆಲುವೂ ಊರ್ಜಿತವಲ್ಲ.

ಭಾವನವರೆಂದರೆ ನನ್ನ ಯಜಮಾನರ ಅಣ್ಣ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಇವರು ಲೇತ್ ಮಷೀನಿಟ್ಟು ಬೋಲ್ಟು ಬೆಳೆಯುತ್ತಾರೆ. ವರ್ಷಕ್ಕೊಮ್ಮೆ ಟೀವಿಯಲ್ಲಿ ಆ ದೊಡ್ಡ ಪ್ರಶಸ್ತಿ ಸಮಾರಂಭ ಬರುವ ಸಂಜೆ ಮಾತ್ರ ವರ್ಕ್‌ಶಾಪಿಗೆ ರಜೆ. ಭಾವನವರಿಗೆ ರೇಷ್ಮೆ ಪಂಚೆ, ಶಲ್ಯ. ನೈಟಿಯಲ್ಲಿ ಬಂದು ಕುಳಿತ ನನಗೆ ಸೀರೆ ಉಟ್ಟು ಬರಲು ಅಪ್ಪಣೆ!

"ಅವ್ರು ಅಷ್ಟೊಂದು ಸಿಂಗಾರ ಮಾಡ್ಕೊಂಡು ಬಂದವ್ರೆ, ನಾವು ಇಂಗಾ ಕುಂತ್ಕೊಳಾದು ತಾಯಿ?"

"ಅಣ್ಣಾ, ಬೆಳಿಗ್ಗೆ ಎಲ್ಲಾ ಫೋನಲ್ಲೇ ಬರುತ್ತೆ" ಎಂದರು ಒಮ್ಮೆ ನಮ್ಮವರು.

"ಮದ್ವೆ ಊಟ ನಾಳೆ ಪಾರ್ಸಲ್ ಬತ್ತದೆ ಅಂದ್ರೆ ಮನೇಲೇ ಇರ್ತೀಯೇನ್ಲಾ?"

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಮ್ಮ ಮನೆತನದಲ್ಲಿ ಯಾರಿಗೆ ಶುಭವಾದರೂ ಅವರನ್ನು ಹಸೆಮಣೆಯ ಮೇಲೆ ಕೂರಿಸಿ, ಹೆಂಗಸರು ಸೋಬಾನೆ ಹಾಡಿ, ಆರತಿ ಎತ್ತುವುದು ರೂಢಿ. ಗೆದ್ದವರೋ ಟೀವಿಯೊಳಗಿದ್ದಾರೆ. ಹಾಗಾಗಿ ನಾಲ್ಕು ವರ್ಷದ ಹಿಂದೆ ನಮ್ಮ ಟೀವಿಯೇ ಹಸೆಮಣೆ ಏರಿತು! ಸುತ್ತ ರಂಗೋಲಿ, ಮುಂದೆ ಕೆಂಪು ನೀರಿನ ತಟ್ಟೆ. ಹರಿದ ಜೀನ್ಸ್ ತೊಟ್ಟ ಹುಡುಗನೊಬ್ಬ ಪ್ರಶಸ್ತಿಗೆ ಕೈಚಾಚಿದ. "ಪಾಪ, ಬಟ್ಟೆ ತಗಳಾಕೂ ಪುರ್ಸೊತ್ತಿಲ್ಲ ಮಗೀಗೆ" ಎಂದು ಭಾವನವರು ಅವನ ಹಣೆ ನೋಡಿ ಕುಂಕುಮವಿಟ್ಟರು. ಅಷ್ಟರಲ್ಲಿ ಜಾಹೀರಾತು ಬಂತು. ಕುಂಕುಮ ಹೋಗಿ ಬನಿಯನ್ ಕಂಪನಿಯ ಗಂಡಸಿನ ಹೊಕ್ಕುಳ ಮೇಲೆ ಕೂತಿತ್ತು!

ತಟ್ಟೆ ಹಿಡಿಯುವವರು ಅಕ್ಕ, ಅಂದರೆ ಭಾವನವರ ಹೆಂಡತಿ, ನನ್ನ ಓರಗಿತ್ತಿ. ಒಂದು ಕಾಲಕ್ಕೆ ಅಕ್ಕನ ಸೋಬಾನೆಯಿಲ್ಲದೆ ನಮ್ಮ ಸುತ್ತಮುತ್ತ ಮದುವೆಯೇ ಆಗುತ್ತಿರಲಿಲ್ಲ. ಹುರುಳೀಕಾಯಿ ಬಿಡಿಸುವಾಗಲೂ ಗುನುಗುತ್ತಿದ್ದರು. ಥೈರಾಯ್ಡ್ ಆಪರೇಷನ್ನಿನ ನಂತರ ದನಿ ಒಡೆಯಿತು. ದಿನಾ ಸ್ವಲ್ಪ ಹಾಡಿದರೆ ಸುಧಾರಿಸುತ್ತದೆ ಎಂದರು ಡಾಕ್ಟರು. ಅಕ್ಕ ಒಪ್ಪಲಿಲ್ಲ. "ಕಾಗೆ ಕೂಗ್ದಂಗೆ ಕೂಗಿ ನಗೆಪಾಟ್ಲಾಗ್ಲಾ?" ಎಂದವರು ಮತ್ತೆ ಬಾಯಿ ಬಿಡಲೇ ಇಲ್ಲ. ಅಡುಗೆಮನೆಯಲ್ಲಿ ಈಗ ಹುರುಳೀಕಾಯಿ ಮುರಿಯುವ ಸದ್ದು ಮಾತ್ರ.

ಆಪರೇಷನ್ ಆದ ವರ್ಷವೇ ಭಾವನವರಿಗೆ ಈ ಆರತಿಯ ಹುಚ್ಚು ಹಿಡಿದದ್ದು. ಹಾಡಿಲ್ಲದೆ ಆರತಿ ಎತ್ತುವಂತಿಲ್ಲವಲ್ಲ! ಅದಕ್ಕೇ ಪ್ರತಿ ಗೆಲುವಿಗೂ ತಟ್ಟೆ ಅಕ್ಕನ ಕೈಗೆ ಕೊಟ್ಟು ಕಾಯುತ್ತಾರೆ. ಅಕ್ಕ ತುಟಿ ಬಿಗಿದು ನಿಲ್ಲುತ್ತಾರೆ. ಯಾರ ಹಠ ದೊಡ್ಡದು, ನೀವೇ ಹೇಳಿ!

ಒಂದು ವರ್ಷ ನನ್ನ ಮಗಳು ಫೋನಿನಲ್ಲಿ ಸೋಬಾನೆ ಹಾಕಿದಳು. "ಆರ್ಸು ಅದ್ನ! ಮನೆ ಎಂಗಸ್ರ ಬಾಯಿಂದ ಬರ್ಬೇಕು" ಎಂದು ಗದರಿದರು ಭಾವನವರು. ಅಕ್ಕನ ಕೈ ಸೋಲುವುದನ್ನು ನೋಡಲಾರದೆ, ಮನೆಯ ಹೆಂಗಸೇ ಆದ ನಾನು ಬಾಯಿ ತೆರೆದೆ. ನನಗೆ ಬರುವುದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಪ್ರಾರ್ಥನೆಯೊಂದೇ. ಕೈಜೋಡಿಸಿ, ಮೆಲ್ಲಗೆ, ಎರಡು ಸಾಲು ಹಾಡಿದೆ.

"ಬ್ಯಾಡ ತಾಯಿ" ಎಂದರು ಭಾವನವರು ಗಾಬರಿಯಿಂದ. "ಯಾರೋ ಓಗ್ಬಿಟ್ಟಂಗೈತೆ!"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಕ್ಕನೂ ನಕ್ಕರು, ಆದರೆ ಸೆರಗು ಬಾಯಿಗೊತ್ತಿಕೊಂಡು, ಸದ್ದಿಲ್ಲದೆ.

"ಬಿಟ್ಬಿಡಣ್ಣ, ಅತ್ತಿಗೆಗೆ ಯಾಕೆ ಹಿಂಸೆ ಕೊಡ್ತೀಯ?" ಎಂದರು ನಮ್ಮವರು ಈ ಸಲ. ಭಾವನವರು ಕಿವಿಗೆ ಹಾಕಿಕೊಳ್ಳದೆ ಸುಣ್ಣ, ಅರಿಶಿನ ಕಲಸಿದರು.

ಪ್ರಶಸ್ತಿಗಳು ಒಂದೊಂದಾಗಿ ಮುಗಿದವು. ಹಾಡಿಲ್ಲ. ಕೊನೆಗೆ ಉಳಿದದ್ದು ವರ್ಷದ ಶ್ರೇಷ್ಠ ಗೀತೆ. ಗೆದ್ದವಳು ಹೊಸ ಹುಡುಗಿ. ವೇದಿಕೆಗೆ ಬಂದವಳು ಮಾತಾಡಲಾರದೆ ಅಳತೊಡಗಿದಳು.

"ಅಯ್ಯೋ, ಒಬ್ಳೇ ನಿಂತವ್ಳಲ್ಲಾ" ಎಂದರು ಅಕ್ಕ. "ಅವ್ರ ಕಡೇರು ಯಾರೂ ಬಂದಿಲ್ವಾ?"

ಅಕ್ಕ ತಟ್ಟೆ ಎತ್ತಿದರು. ಮೊದಲು ಬರೀ ಗಾಳಿ ಬಂತು. ಆಮೇಲೆ ಒಂದು ಒರಟು ಎಳೆ. ಎರಡನೇ ಸಾಲಿಗೆ ಅದೂ ಹರಿಯಿತು. ಅಕ್ಕ ಉಗುಳು ನುಂಗಿ, ಬಿಟ್ಟಲ್ಲಿಂದಲೇ ಹಿಡಿದರು, ಇನ್ನೂ ಗಟ್ಟಿಯಾಗಿ. ತಟ್ಟೆ ಆ ಹುಡುಗಿಯ ಮುಖದ ಮುಂದೆ ಸುತ್ತುತ್ತಲೇ ಇತ್ತು.

ಅಷ್ಟರಲ್ಲಿ ಹುಡುಗಿ ಕಣ್ಣೊರೆಸಿಕೊಂಡು ತನ್ನ ಹಾಡು ಶುರು ಮಾಡಿದಳು. ಭಾವನವರು ರಿಮೋಟು ತೆಗೆದುಕೊಂಡು ಟೀವಿಯ ಸದ್ದು ಪೂರ್ತಿ ಅಡಗಿಸಿಬಿಟ್ಟರು.

"ಅಣ್ಣಾ, ಸೌಂಡ್ ಕೊಡಣ್ಣ! ವರ್ಷದ ಬೆಸ್ಟ್ ಸಾಂಗು!" ಎಂದರು ನಮ್ಮವರು.

ಭಾವನವರು ಅಕ್ಕನ ಮುಖದಿಂದ ಕಣ್ಣು ಕೀಳಲಿಲ್ಲ.

"ಸುಮ್ಕಿರ್ಲಾ. ಅದ್ನೇ ಕೇಳ್ತಾವ್ನಿ."