ಜಪಾನಿ ತೊಟ್ಟಿಗೆ ಹರಳೆಣ್ಣೆ

ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಯಾವ ದಿನ ರೈಲು ತಡವಾಯಿತು, ಯಾವ ದಿನ ಹೆಂಡತಿ ವೀಣಾ ನಾನು ಮಾಡಿದ ಪಲ್ಯವನ್ನು ಪೂರ್ತಿ ತಿಂದಳು, ಎಲ್ಲಕ್ಕೂ ಡೈರಿಯಲ್ಲಿ ತಾರೀಖು ಸಮೇತ ದಾಖಲೆಯಿದೆ. ಹಾಗಾಗಿ ಧಾರವಾಡದಿಂದ ಅತ್ತೆ ಸಿಡ್ನಿಗೆ, ನಮ್ಮ ವೆಸ್ಟ್‌ಮೀಡ್ ಫ್ಲ್ಯಾಟಿಗೆ ಬಂದಿಳಿದ ದಿನವೇ ಹೊಸ ಪುಟ ತೆರೆದು ಎರಡು ಕಾಲಂ ಎಳೆದೆ. ಒಂದರ ತಲೆಬರಹ ‘ಛಲೋ’. ಇನ್ನೊಂದರದು ‘ಇರ್ಲಿ ತಗೋರಿ’.

ನಾನು ಮೈಸೂರಿನವನು. ಈ ಎರಡು ಮಾತುಗಳ ಅಂತರ ತಿಳಿಯಲು ನನಗೆ ಮದುವೆಯಾದ ಮೇಲೆ ಸಾಕಷ್ಟು ಕಾಲ ಹಿಡಿಯಿತು. ಛಲೋ ಅಂದರೆ ಮೆಚ್ಚುಗೆ. ಇರ್ಲಿ ತಗೋರಿ ಅಂದರೆ, ನಿಮ್ಮಿಂದ ಇಷ್ಟೇ ಆಗುವುದೆಂದು ಮೊದಲೇ ಗೊತ್ತಿತ್ತು, ಬೇಸರವಿಲ್ಲ.

ಸಿಡ್ನಿಯ ಬಂದರು ತೋರಿಸಿದೆ. ಇರ್ಲಿ ತಗೋರಿ. ಫೆರಿಯಲ್ಲಿ ಕೂರಿಸಿದೆ. ಇರ್ಲಿ ತಗೋರಿ. ನೀಲಿ ಬೆಟ್ಟಗಳ ಅಂಚಿನಲ್ಲಿ ನಿಲ್ಲಿಸಿ, ಕೆಳಗಿನ ಕಣಿವೆಯನ್ನು ನಾನೇ ತೋಡಿದವನಂತೆ ಕೈ ಚಾಚಿದೆ. ಅವರು ಸ್ವಲ್ಪ ಹೊತ್ತು ನೋಡಿ, ಸವದತ್ತಿ ಹತ್ತಿರದ ನವಿಲುತೀರ್ಥದಲ್ಲೂ ಹೀಗೇ ಇದೆ ಎಂದರು. ಅದನ್ನು ಯಾವ ಕಾಲಂಗೆ ಹಾಕುವುದೆಂದು ತಿಳಿಯದೆ ಅಡಿಟಿಪ್ಪಣಿ ಬರೆದೆ. ಅವರು ಊರಿಗೆ ಹೊರಡಲು ಒಂದೇ ವಾರ ಉಳಿದಾಗಲೂ ಛಲೋ ಕಾಲಂ, ತೊಳೆದಿಟ್ಟ ತಟ್ಟೆಯಂತೆ ಫಳಫಳ ಹೊಳೆಯುತ್ತಿತ್ತು.

ನನಗೆ ಕೊನೆಯ ಒಂದು ಅವಕಾಶವಿತ್ತು. ಅತ್ತೆಗೆ ಮೊಣಕಾಲು ನೋವು. ಮೆಲ್ಬರ್ನಿನಿಂದಾಚೆ, ಖನಿಜ ಬುಗ್ಗೆಗಳಿರುವ ಗುಡ್ಡಗಳ ನಡುವೆ ಜಪಾನಿ ಪದ್ಧತಿಯ ಪುಟ್ಟ ತಂಗುಮನೆಯೊಂದಿದೆ. ಮರದ ತೊಟ್ಟಿಯಲ್ಲಿ ಬಿಸಿನೀರ ಸ್ನಾನ. ಬುಕ್ ಮಾಡಿದೆ. ಹೋಗುವ ಮೊದಲು ಅಲ್ಲಿನ ರೀತಿನೀತಿಗಳನ್ನು ಪರೀಕ್ಷೆಗೆ ಓದುವಂತೆ ಓದಿದೆ. ಪ್ಯಾರಮಟ್ಟಾದ ಕಚೇರಿಯಲ್ಲಿ ನೀರಿನ ಪೈಪುಗಳ ವಿನ್ಯಾಸ ಮಾಡುವುದೇ ನನ್ನ ಉದ್ಯೋಗ. ನೀರಿನ ವಿಷಯದಲ್ಲಿ ನನ್ನಿಂದ ತಪ್ಪಾಗುವ ಪ್ರಶ್ನೆಯೇ ಇರಲಿಲ್ಲ!

ವಿಮಾನದಲ್ಲಿ ಮೆಲ್ಬರ್ನಿಗೆ ಹೋಗಿ, ಅಲ್ಲಿ ಬಾಡಿಗೆ ಕಾರು ಹಿಡಿದೆವು. ಊರು ದಾಟುವಷ್ಟರಲ್ಲಿ ಬಿಸಿಲು, ಗಾಳಿ, ಜಡಿಮಳೆ, ಮತ್ತೆ ಬಿಸಿಲು ಎಲ್ಲ ಆಗಿಹೋಯಿತು. ಸಿಡ್ನಿಯಲ್ಲಿ ವರ್ಷವಿಡೀ ನಡೆಯುವುದನ್ನು ಮೆಲ್ಬರ್ನ್ ಒಂದು ಬೆಳಗಿನಲ್ಲಿ ಮುಗಿಸುತ್ತದೆ.

ದಾರಿಯಲ್ಲಿ ಅತ್ತೆ ಒಂದು ಹಳೆಯ ನೋವನ್ನು ತೆಗೆದರು. ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿ, ಮಣೆಯ ಮೇಲೆ ಕೂರಿಸಿ, ಎಣ್ಣೆ ಹಚ್ಚಿ ಎರೆಯಬೇಕು. ನನಗೆ ಆಗ ರಜೆ ಸಿಕ್ಕಿರಲಿಲ್ಲ. ಆ ಕೊರತೆ ತುಂಬಲೆಂದೇ ಈ ಸಲ ಊರಿನಿಂದ ಒಂದು ಬಾಟಲಿ ಹರಳೆಣ್ಣೆ ತಂದಿದ್ದರು. ಅವರ ಭಾಷೆಯಲ್ಲಿ ಔಡಲ ಎಣ್ಣೆ. ಸಿಡ್ನಿ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದನ್ನು ಮೂಸಿ, ಮುಖ ತಿರುಗಿಸಿ, ಮರುಮಾತಿಲ್ಲದೆ ವಾಪಸು ಕೊಟ್ಟಿದ್ದನಂತೆ. ಬಾಟಲಿ ಈಗ ಮೊಣಕಾಲಿಗೆಂದು ಅವರ ಚೀಲದಲ್ಲೇ ಇತ್ತು.

“ಆವಾಗ ನೀವು ಎಣ್ಣಿ ಹಚಗೊಂಡಿದ್ರ ಛಲೋ ಆಗ್ತಿತ್ತು, ಅಳಿಯಂದ್ರ,” ಎಂದರು.

ಛಲೋ! ಷರತ್ತಿಗೆ ಒಳಪಟ್ಟ ಛಲೋ, ಒಪ್ಪಿದೆ. ಆದರೆ ದಾರಿ ಯಾವುದೆಂದು ಸ್ಪಷ್ಟವಾಯಿತು.

ತಂಗುಮನೆಯ ಯಜಮಾನಿ ಹರುಕೋ ಎಂಬ ಹಿರಿಯ ಹೆಂಗಸು ಬಾಗಿಲಲ್ಲೇ ಸೊಂಟದವರೆಗೆ ಬಾಗಿ ಸ್ವಾಗತಿಸಿದರು. ಅಂಥ ಮನೆಯನ್ನು ನಾನು ಎಲ್ಲೂ ನೋಡಿರಲಿಲ್ಲ. ಕಾಗದದ ಬಾಗಿಲುಗಳು, ಹಸಿಹುಲ್ಲಿನ ವಾಸನೆಯ ಚಾಪೆ, ಒಂದೇ ಹೂವಿಟ್ಟ ಒಂದೇ ಹೂದಾನಿ. ಕಿಟಕಿಯಾಚೆ ಮಾತ್ರ ತೊಗಟೆ ಸುಲಿದ ನೀಲಗಿರಿ ಮರಗಳು, ಇದು ಆಸ್ಟ್ರೇಲಿಯಾವೇ ಎಂದು ನೆನಪಿಸಲು. ಯಾವ ವಸ್ತುವೂ ಹೆಚ್ಚಿರಲಿಲ್ಲ. ಯಾವುದೂ ಕಡಿಮೆಯೂ ಇರಲಿಲ್ಲ.

ಅಷ್ಟೆಲ್ಲ ಓದಿಕೊಂಡು ಹೋದ ನಾನು ಶೂ ಬಿಚ್ಚಿ, ಬರಿಗಾಲನ್ನು ಹೊರಗಿನ ಕಲ್ಲಿನ ಮೇಲಿಟ್ಟು, ಅದೇ ಕಾಲಲ್ಲಿ ಒಳಗಿನ ಮರದ ನೆಲ ತುಳಿದೆ. ಏನೂ ಓದದ ಅತ್ತೆ ಚಪ್ಪಲಿ ಕಳಚಿದ ಕಾಲನ್ನು ಹೊರಗಿನ ಕಲ್ಲಿಗೆ ತಾಗಿಸದೆ ನೇರವಾಗಿ ಒಳಗಿಟ್ಟರು. ಆಮೇಲೆ ನಾನು ಪಾಯಖಾನೆಗೆ ಮೀಸಲಾದ ಚಪ್ಪಲಿಯನ್ನೇ ಮೆಟ್ಟಿಕೊಂಡು ಊಟದ ಕೋಣೆಯವರೆಗೆ ಬಂದೆ. ಅತ್ತೆ ನನ್ನ ಕಾಲು ನೋಡಿದರು. ಹರುಕೋ ನನ್ನ ಕಾಲು ನೋಡಿದರು. ಇಬ್ಬರೂ ಪರಸ್ಪರ ನೋಡಿಕೊಂಡರು. ಸ್ನೇಹ ಅಲ್ಲೇ ಹುಟ್ಟಿತೆಂದು ನನ್ನ ಅಂದಾಜು.

“ಇವರದೂ ಮಡೀನ ಅದ. ಹೆಸರಷ್ಟ ಬ್ಯಾರೆ,” ಎಂದು ಅತ್ತೆ ಮಗಳಿಗೆ ಹೇಳಿದರು.

ಇದ್ದದ್ದು ಒಂದೇ ತೊಟ್ಟಿ. ಒಬ್ಬೊಬ್ಬರೇ ಸರದಿಯಲ್ಲಿ ಹೋಗಬೇಕು. ನೀರು ಎಲ್ಲರಿಗೂ ಅದೇ, ಆದ್ದರಿಂದ ಮೊದಲು ಹೊರಗೆ ಕೂತು ಮೈ ತೊಳೆದುಕೊಂಡು, ಶುದ್ಧವಾಗಿ ಇಳಿಯಬೇಕು. ಇಷ್ಟನ್ನು ಹರುಕೋ ಇಂಗ್ಲಿಷಿನಲ್ಲಿ ವಿವರಿಸಿ, ಗೋಡೆಯ ಮೇಲಿನ ಚಿತ್ರಗಳನ್ನೂ ತೋರಿಸಿದರು. ಮೊಣಕಾಲು ನೋವಿನವರೇ ಮೊದಲು ಹೋಗಲಿ ಎಂದೆ. ಅಳಿಯ ಇರುವಾಗ ತಾನು ಮೊದಲು ಹೋಗುವುದುಂಟೇ ಎಂದು ಅತ್ತೆ ಒಪ್ಪಲಿಲ್ಲ.

ನಾನು ಕೋಣೆಗೆ ಹೋಗಿ, ಅತ್ತೆಯ ಚೀಲದಿಂದ ಬಾಟಲಿ ತೆಗೆದೆ. ತಲೆಯಿಂದ ಪಾದದವರೆಗೆ ಕ್ರಮಬದ್ಧವಾಗಿ ಹಚ್ಚಿಕೊಂಡೆ. ಹರಳೆಣ್ಣೆ ದ್ರವವೋ ಘನವೋ ಎಂಬ ಬಗ್ಗೆ ಎಂಜಿನಿಯರುಗಳಲ್ಲಿ ಭಿನ್ನಾಭಿಪ್ರಾಯವಿರಬಹುದು. ಅದು ಹರಿಯುವುದಿಲ್ಲ, ನೆಲೆಸುತ್ತದೆ. ಮೇಲೆ ತಂಗುಮನೆಯ ಹತ್ತಿ ನಿಲುವಂಗಿ ತೊಟ್ಟುಕೊಂಡೆ. ಅದು ಕೂಡಲೇ ನನ್ನ ಚರ್ಮವಾಯಿತು.

ಸ್ನಾನದ ಮನೆಯಲ್ಲಿ ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ತಿಕ್ಕಿದೆ. ಅದು ಮೀನಿನಂತೆ ಕೈಯಿಂದ ಹಾರಿ ಮೂಲೆ ಸೇರಿತು. ಹಿಡಿದು ತಂದೆ. ಮತ್ತೆ ಹೋಯಿತು. ಕೊನೆಗೆ ಮೈ ತೊಳೆದಾಯಿತೆಂದು ನಾನೇ ಘೋಷಿಸಿಕೊಂಡು ನೀರಿಗಿಳಿದೆ.

ಆಹಾ! ಆ ಸುಖವನ್ನು ಮಾತ್ರ ತಮಾಷೆ ಮಾಡಲಾರೆ. ಬಿದಿರಿನ ಕೊಳವೆಯಿಂದ ಸಣ್ಣಗೆ ಬೀಳುವ ಬುಗ್ಗೆಯ ನೀರು, ಮರದ ಕಂಪು, ಹಬೆಯಾಚೆ ಮಸುಕಾಗುತ್ತಿರುವ ಗುಡ್ಡ. ಎಲುಬುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ಟವೆಲ್ ನೀರಿಗೆ ತಾಗಬಾರದು, ಮಡಿಚಿ ತಲೆಯ ಮೇಲಿಟ್ಟುಕೊಳ್ಳಬೇಕೆಂದು ಓದಿದ್ದೆ. ಇಟ್ಟುಕೊಂಡಿದ್ದೆ. ಅದು ದೀಪದ ಬತ್ತಿಯಂತೆ ನನ್ನ ತಲೆಯ ಎಣ್ಣೆಯನ್ನೆಲ್ಲ ಹೀರಿಕೊಳ್ಳುತ್ತಿತ್ತು. ಸುಖದಲ್ಲಿ ತಲೆ ಹಿಂದಕ್ಕೆ ವಾಲಿತು.

ಪುಳಕ್!

ಬಿದ್ದ ಟವೆಲಿನ ಸುತ್ತ ನೀರಿನ ಮೇಲೆ ಕಾಮನಬಿಲ್ಲು ಹರಡತೊಡಗಿತು. ಸುಂದರವಾಗಿಯೇ ಇತ್ತು. ಬಕೆಟ್ಟಿನಲ್ಲಿ ತೋಡಿ ಚೆಲ್ಲಿದೆ. ಒಂದಿದ್ದದ್ದು ನೂರಾಗಿ ಒಡೆದು ತೊಟ್ಟಿ ತುಂಬ ತೇಲಿತು. ಆಗ ನನ್ನೊಳಗಿನ ಎಂಜಿನಿಯರ್ ಎದ್ದುನಿಂತ. ಕೊಳೆ ನೀರನ್ನು ಹೊರಹಾಕು ಎಂದ. ತಳದ ಬಿರಡೆ ಎಳೆದೆ.

ಎಣ್ಣೆ ನೀರಿನ ಮೇಲೆ ತೇಲುತ್ತದೆ ಎಂಬುದು ಶಾಲೆಯ ಪಾಠ. ಹಾಗಾಗಿ ಶುದ್ಧ ನೀರೆಲ್ಲ ಮೊದಲು ಹೋಯಿತು. ಎಣ್ಣೆ ಮಾತ್ರ ಮೆಲ್ಲಗೆ, ಗೋಡೆಗಳಿಗೆಲ್ಲ ತನ್ನನ್ನು ಸವರಿಕೊಳ್ಳುತ್ತ ಇಳಿದು ಬಂದು, ತಳದಲ್ಲಿ ಕೂತಿದ್ದ ನನ್ನನ್ನು ಸೇರಿತು. ಹೋದ ನೀರು ಬರುವ ನೀರಲ್ಲ. ಆ ಸಣ್ಣ ಧಾರೆಯಿಂದ ತೊಟ್ಟಿ ತುಂಬಲು ಬೆಳಗಾಗಬೇಕಿತ್ತು.

ಅಂಟಿಕೊಂಡ ನಿಲುವಂಗಿಯಲ್ಲಿ ಬಾಗಿಲು ಸರಿಸಿದೆ. ಎದುರಿಗೆ ಅತ್ತೆ. ಕೈಯಲ್ಲಿ ಟವೆಲ್. ತಮ್ಮ ಸರದಿಗೆ ಸಿದ್ಧರಾಗಿ ನಿಂತಿದ್ದರು. ಹಿಂದೆ ವೀಣಾ, ಅವಳ ಹಿಂದೆ ಹರುಕೋ.

ನಡೆದದ್ದನ್ನು ಹೇಳಿದೆ. ಕ್ಷಮೆ ಕೇಳಿದ್ದು ಹರುಕೋ! ಎಣ್ಣೆ ಕೂಡದೆಂದು ತಾವು ಮೊದಲೇ ತಿಳಿಸದಿದ್ದುದು ತಮ್ಮದೇ ಲೋಪವೆಂದು ಅವರು ನನಗೆ ಬಾಗಿದರು. ನಾನೂ ಬಾಗಿದೆ. ಅವರು ಇನ್ನೂ ಬಾಗಿದರು. ನನ್ನ ಕೂದಲಿನಿಂದ ಒಂದು ಹನಿ ಚಾಪೆಯ ಮೇಲೆ ಬಿತ್ತು. ಬಾಗುವುದನ್ನು ನಿಲ್ಲಿಸಿದೆ.

ಅತ್ತೆ ಒಳಗೆ ಇಣುಕಿ, ಖಾಲಿ ತೊಟ್ಟಿ ನೋಡಿದರು. ಆಮೇಲೆ ಬಾಟಲಿಯ ವಾಸನೆ ಹೊತ್ತು ನಿಂತ ನನ್ನನ್ನು ನೋಡಿದರು.

“ಎಣ್ಣಿ ಹಚಗೊಂಡ್ರ ತಂಬಿಗಿಲೇ ಎರಕೋಬೇಕ್ರಿ,” ಎಂದರು ಮೆಲ್ಲಗೆ. “ಮಂದಿ ಇಳಿಯೋ ನೀರಾಗ ಇಳೀತಾರೇನು?”

ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ನೀರು ಮೈಮೇಲೆ ಬಂದು ಹರಿದುಹೋಗುತ್ತದೆ, ಇವರಲ್ಲಿ ಮೈಯೇ ನೀರಿಗೆ ಹೋಗುತ್ತದೆ. ಪೈಪುಗಳ ವಿನ್ಯಾಸಕಾರನಿಗೆ ಇದು ಹೊಳೆದಿರಲಿಲ್ಲ.

“ಇರ್ಲಿ ತಗೋರಿ,” ಎಂದು ಸೇರಿಸಿದರು.

“ಇದನ್ನೂ ಬರ್ಕೋ,” ಎಂದಳು ವೀಣಾ.

ಹರುಕೋ ಅಡುಗೆಮನೆಯಿಂದ ಬಟ್ಟೆಯ ಪುಟ್ಟ ಗಂಟೊಂದನ್ನು ತಂದರು. ಅತ್ತೆ ಅದನ್ನು ಹಿಡಿದು, ಮೂಸಿ, ಕಣ್ಣರಳಿಸಿದರು. “ತೌಡು,” ಎಂದರು. ಅಕ್ಕಿಯ ತೌಡು! ಎಣ್ಣೆ ಜಿಡ್ಡಿಗೆ ಅದಕ್ಕಿಂತ ಮದ್ದಿಲ್ಲವಂತೆ, ಅಲ್ಲೂ ಇಲ್ಲೂ. ಇಬ್ಬರೂ ತೋಳು ಮೇಲೇರಿಸಿ, ಸೆರಗು ಒಬ್ಬರು, ನಡುಪಟ್ಟಿ ಒಬ್ಬರು ಸಿಕ್ಕಿಸಿಕೊಂಡು ತೊಟ್ಟಿಯೊಳಗಿಳಿದರು. ಒಬ್ಬರಿಗೆ ಜಪಾನಿ, ಒಬ್ಬರಿಗೆ ಧಾರವಾಡದ ಕನ್ನಡ. ಒಂದು ಮಾತಿಗೂ ಅನುವಾದ ಬೇಕಾಗಲಿಲ್ಲ. ನಾನೂ ಉಜ್ಜುತ್ತೇನೆಂದು ಹೋದಾಗ ಮಾತ್ರ ಎರಡು ಭಾಷೆಗಳಲ್ಲಿ ಏಕಕಾಲಕ್ಕೆ ಬೇಡವೆಂದರು. ನನ್ನನ್ನು ಹೊರಗೆ, ಗೋಡೆಗೆ ಒರಗದಂತೆ ಕೂರಿಸಲಾಯಿತು.

ಬೆಳಿಗ್ಗೆ ತೊಟ್ಟಿ ತುಂಬಿತ್ತು. ಅತ್ತೆ ಮೊದಲು ಹೋದರು. ಈ ಸಲ ಅಳಿಯನ ಮರ್ಯಾದೆಯ ಪ್ರಶ್ನೆ ಯಾರೂ ಎತ್ತಲಿಲ್ಲ. ಹೊರಗೆ ಮ್ಯಾಗ್‌ಪೈ ಹಕ್ಕಿ ಕೂಗುತ್ತಿತ್ತು. ಹೊರಬಂದಾಗ ಅವರ ಮುಖ ಕೆಂಪಗೆ, ಮಗುವಿನ ಹಾಗಿತ್ತು. ಜಗಲಿಯ ಮೆಟ್ಟಿಲನ್ನು ಕೈ ಊರದೆ ಇಳಿದರು. ವೀಣಾಳ ಕಣ್ಣು ತೇವವಾದದ್ದನ್ನು ನೋಡಿದೆ. ಈಗ ಛಲೋ ಬರುತ್ತದೆಂದು ನಾನು ಬಾಯಿಬಿಟ್ಟು ಕಾದೆ. ಅತ್ತೆ ನನ್ನನ್ನು ದಾಟಿ ಹೋಗಿ ಹರುಕೋ ಅವರ ಎರಡೂ ಕೈ ಹಿಡಿದು ನಿಂತರು.

ಹೊರಡುವಾಗ ಸ್ನಾನದ ಮನೆಯ ಗೋಡೆಯ ಮೇಲೆ ಹೊಸ ಚಿತ್ರವೊಂದು ಕಂಡಿತು. ಕುಂಚದ ನಾಲ್ಕು ಗೀಟು: ಕೈಯಲ್ಲಿ ಬಾಟಲಿ ಹಿಡಿದು, ತಲೆಯಿಂದ ಎಣ್ಣೆ ತೊಟ್ಟಿಕ್ಕಿಸುತ್ತ ನಿಂತ ಒಬ್ಬ ಮನುಷ್ಯ. ಅವನ ಮೇಲೆ ಅಡ್ಡಲಾಗಿ ಕೆಂಪು ಕಾಟು. ಹಳೆಯದೊಂದು ಸಂಪ್ರದಾಯಕ್ಕೆ ಹೊಸ ನಿಯಮ ಸೇರಿಸಿದ ಕೀರ್ತಿ ನನ್ನದು.

ಅತ್ತೆ ಕನ್ನಡಕ ಏರಿಸಿ, ಹತ್ತಿರ ಹೋಗಿ ನೋಡಿದರು. ನನ್ನತ್ತ ತಿರುಗಿದರು. ಮತ್ತೆ ಚಿತ್ರ ನೋಡಿದರು.

“ಛಲೋ ತಗದಾರ್ರಿ,” ಎಂದರು. “ಮೂಗು ನಿಮ್ಮದ ಬಂದದ.”

ಕಾರು ಹತ್ತುವ ಮೊದಲೇ ಡೈರಿ ತೆಗೆದು, ತಾರೀಖು ಹಾಕಿ ಬರೆದೆ. ಛಲೋ: ಒಂದು. ಮೂಗಿನ ಬಾಬ್ತು.